ಹುಟ್ಟಿನಿಂದ ಬಂದ ಲೆಕ್ಕ

ಸರ್ ತೀರಿಕೊಂಡ ಸುದ್ದಿ ಬಂದಾಗ ನಾನು ಕಿರುಪರೀಕ್ಷೆಯ ಪತ್ರಿಕೆ ತಿದ್ದುತ್ತಾ ಕೂತಿದ್ದೆ. ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅವರ ಫೋಟೋ ಹಾಕಿ ಕೈಮುಗಿದಿದ್ದರು. ಅದರ ಕೆಳಗೆ ಎಲ್ಲರೂ ಸಾಲಾಗಿ ಕೈಮುಗಿದರು. ನಾನೂ ಮುಗಿದೆ. ಆಮೇಲೆ ಫೋನನ್ನು ಬೋರಲು ಹಾಕಿ ಉಳಿದ ಪತ್ರಿಕೆಗಳನ್ನು ತಿದ್ದಿ ಮುಗಿಸಿದೆ. ಅಳು ಬರಲಿಲ್ಲ. ನನ್ನ ನಿವೃತ್ತಿಗೆ ಇನ್ನೂ ಒಂದೂವರೆ ವರ್ಷ ಇದೆ, ಮೊಣಕಾಲು ಮಾತ್ರ ಈಗಲೇ ನಿವೃತ್ತವಾಗಿದೆ. ಚಿಕ್ಕೋಡಿಯಿಂದ ದಿನಾ ಬಸ್ಸಿನಲ್ಲಿ ನಿಂತು ಬಂದು, ನಿಂತು ಕಲಿಸಿ, ನಿಂತು ಹೋಗುವವಳಿಗೆ ದುಃಖ ಬರಬೇಕೆಂದರೂ ಅದು ಎಲ್ಲಾದರೂ ಕೂತು ಸುಧಾರಿಸಿಕೊಂಡು ಬರಬೇಕಾಗುತ್ತದೆ. ಬಂತು, ನಾಲ್ಕು ದಿನ ಬಿಟ್ಟು.

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ತಮ್ಮ ಹೆಸರು ಎಲ್ಲಾದರೂ ಅಚ್ಚಾದರೆ ಅವರಿಗೆ ಮೈಮೇಲೆ ಹುಳ ಹರಿದಂತಾಗುತ್ತಿತ್ತು. ನಿಪ್ಪಾಣಿ ರಸ್ತೆಯ ನಮ್ಮ ಪ್ರೌಢಶಾಲೆಯಲ್ಲಿ ಗಣಿತವನ್ನು ನಾವಿಬ್ಬರೂ ಹಂಚಿಕೊಂಡಿದ್ದೆವು. ಎಂಟನೇ ತರಗತಿ ನನಗೆ, ಒಂಬತ್ತು ಮತ್ತು ಹತ್ತು ಅವರಿಗೆ. ಅವರು ರಾಯಬಾಗ ಕಡೆಯವರು. ಒಣಕಲು ದೇಹ, ಸ್ವಲ್ಪ ಎಡಕ್ಕೆ ವಾಲಿದ ನಡಿಗೆ. ಶರ್ಟಿನ ಜೇಬು ಯಾವಾಗಲೂ ಜೋತುಬಿದ್ದಿರುತ್ತಿತ್ತು. ಅದರಲ್ಲಿ ಪೆನ್ನಿರುತ್ತಿರಲಿಲ್ಲ, ಪೆನ್ನನ್ನು ನನ್ನಿಂದ ತೆಗೆದುಕೊಳ್ಳುತ್ತಿದ್ದರು, ಮರಳಿ ಕೊಡುತ್ತಿರಲಿಲ್ಲ. ಜೇಬಿನಲ್ಲಿದ್ದದ್ದು ಹುಣಸೆಬೀಜ.

ಆ ಬೀಜಗಳಿಂದ ನಮ್ಮ ಶಾಲೆಯಲ್ಲಿ ಯಾರೂ ತಪ್ಪಿಸಿಕೊಂಡಿಲ್ಲ. ಮೇಜಿನ ಮೇಲೆ ನಾಲ್ಕಾರು ಬೀಜ ಚೆಲ್ಲಿ, ನೋಡಿದೆವೋ ಇಲ್ಲವೋ ಎನ್ನುವಷ್ಟರಲ್ಲಿ ಮೇಲೆ ಕರವಸ್ತ್ರ ಮುಚ್ಚಿ, "ಎಷ್ಟರಿ?" ಎನ್ನುತ್ತಿದ್ದರು. ಹೆಡ್ಮಾಸ್ತರರು, ಸಿಪಾಯಿ, ತಪಾಸಣೆಗೆ ಬಂದ ಅಧಿಕಾರಿ, ಬಿಸಿಯೂಟದ ಅಡುಗೆಯವರು, ಎಲ್ಲರಿಗೂ ಅದೇ ಪರೀಕ್ಷೆ. ಎರಡೋ ಮೂರೋ ಇದ್ದರೆ ಎಲ್ಲರೂ ತಟ್ಟನೆ ಹೇಳುತ್ತಿದ್ದರು. ನಾಲ್ಕಿದ್ದರೂ ಹೇಳುತ್ತಿದ್ದರು. ಐದು, ಆರಕ್ಕೆ ಬಂದರೆ ತಡವರಿಸುತ್ತಿದ್ದರು. ಏಳೆಂಟಾದರೆ ಬರೀ ಅಂದಾಜು. ಗಣಿತದ ಟೀಚರೂ ಅಷ್ಟೇ, ಸಹಿ ಮಾಡಲು ಬಾರದ ಅಡುಗೆಯವರೂ ಅಷ್ಟೇ. ಅದನ್ನು ನೋಡಿದಾಗ ಅವರ ಮುಖ ಬೆಳಗುತ್ತಿತ್ತು.

"ನಾಕರ ತನಕಾ ಎಲ್ಲಾರೂ ತಾಯಿ ಹೊಟ್ಟ್ಯಾಗಿಂದನ ತಂದಿರ್ತಾರ್ರಿ ಮೇಡಂ," ಎನ್ನುತ್ತಿದ್ದರು. "ಎಣಿಸೂದ ಬೇಕಾಗಿಲ್ಲ, ಕಣ್ಣಿಗೆ ಕಾಣ್ತೈತಿ. ಐದರಿಂದ ಮುಂದಿಂದು ಬೆರಳ ಮಡಚಿ ಮಂದಿ ಕಟ್ಟಿಕೊಂಡದ್ದು. ನಾವು ನೀವು ಪಗಾರ ತಗೊಂಡು ಕಲಿಸೂದು ಅಷ್ಟ."

ಮನುಷ್ಯನಿಗೆ ಲೆಕ್ಕ ಎಲ್ಲಿಂದ ಬಂತು ಎಂಬುದೊಂದೇ ಅವರ ಹುಚ್ಚು. ನನಗೆ ಪಾಠ ಮುಗಿಸುವ ಚಿಂತೆ, ಅವರಿಗೆ ಅದು ಶುರುವಾದ ಚಿಂತೆ. ಮೊಮ್ಮಗಳು ಆರು ತಿಂಗಳ ಕೂಸಾಗಿದ್ದಾಗ ನಮ್ಮನ್ನೆಲ್ಲ ಮನೆಗೆ ಕರೆದಿದ್ದರು. ಮೂರು ಚಮಚೆಗಳನ್ನು ಟವೆಲ್ಲಿನ ಹಿಂದೆ ಇಟ್ಟು, ಕಳ್ಳತನದಲ್ಲಿ ಒಂದನ್ನು ತೆಗೆದು ಟವೆಲ್ ಸರಿಸಿದರೆ ಕೂಸು ಕಣ್ಣರಳಿಸಿ ನೋಡುತ್ತದಂತೆ, ಒಂದು ಕಡಿಮೆಯಾದದ್ದು ಅದಕ್ಕೆ ತಿಳಿಯುತ್ತದಂತೆ. ನಾವು ಉಸಿರು ಬಿಗಿಹಿಡಿದು ಸುತ್ತ ಕೂತೆವು. ಕೂಸು ಟವೆಲ್ಲನ್ನೇ ಬಾಯಿಗೆ ಹಾಕಿಕೊಂಡಿತು. "ಇವತ್ತ ಮೂಡ್ ಇಲ್ಲ ಅದಕ್ಕ," ಎಂದು ಸರ್ ನಮಗೆ ಉಪ್ಪಿಟ್ಟು ತಿನ್ನಿಸಿ ಕಳಿಸಿದರು.

ಒಮ್ಮೆ ಮೀಟಿಂಗಿಗೆ ಒಂದು ತಾಸು ತಡವಾಗಿ ಬಂದರು. ಕರೋಶಿ ಹತ್ತಿರ ಕುರಿಗಾಹಿಗಳನ್ನು ಕಂಡು ಬಸ್ಸಿನಿಂದಲೇ ಇಳಿದುಬಿಟ್ಟಿದ್ದರಂತೆ. ಹಿಂಡಿನಲ್ಲಿ ಎಷ್ಟು ಕುರಿ ಅದಾವ ಎಂದು ಕೇಳಿದ್ದಕ್ಕೆ ಅಜ್ಜನೊಬ್ಬ ಸಿಟ್ಟಾಗಿದ್ದನಂತೆ. ಕುರಿಯನ್ನು ಎಣಿಸಬಾರದು, ದೃಷ್ಟಿಯಾಗುತ್ತದೆ. ಹಾಗಾದರೆ ಒಂದು ತಪ್ಪಿಸಿಕೊಂಡರೆ ಹೇಗೆ ಗೊತ್ತಾಗುತ್ತದೆ ಎಂದು ಸರ್ ಕೇಳಿದ್ದಾರೆ. ಅಜ್ಜ ಇವರನ್ನೇ ಮರುಪ್ರಶ್ನಿಸಿದನಂತೆ: "ನಿಮ್ಮ ಮನ್ಯಾಗ ಊಟಕ್ಕ ಕುಂತಾಗ ಮಂದೀನ್ನ ಎಣಿಸಿ ನೋಡ್ತೀರೇನ್ರಿ? ಯಾರ ಬಂದಿಲ್ಲ ಅನ್ನೂದು ಹಂಗ ಗೊತ್ತಾಗೂದಿಲ್ಲೇನು?" ಈ ಮಾತನ್ನು ಸರ್ ಒಂದು ತಿಂಗಳು ಎಲ್ಲರಿಗೂ ಹೇಳಿದರು. ಹೆಡ್ಮಾಸ್ತರರು ಮಾತ್ರ ಅವರ ಅರ್ಧ ದಿನದ ರಜೆ ಕಡಿದರು.

ತರಗತಿಯಲ್ಲೂ ಹಾಗೆಯೇ. ಒಬ್ಬ ವಿದ್ಯಾರ್ಥಿ ಬೋರ್ಡಿನ ಮುಂದೆ ನಿಂತು "ಲಾಭ, ಎರಡು, ಮೂರು" ಎಂದು ಎಣಿಸಿದಾಗ ಇಡೀ ತರಗತಿ ನಕ್ಕಿತಂತೆ. ಕಣದಲ್ಲಿ ಜೋಳ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಆ ಮನೆಯಲ್ಲಿ ಬೆಳೆದವನ ಬಾಯಲ್ಲಿ ಅದೇ ಬಂದಿದೆ. ಸರ್ ಆ ದಿನದ ಪಾಠ ಬಿಟ್ಟು ಅದರ ಮೇಲೆಯೇ ಗಂಟೆ ಮುಗಿಸಿದರು. ಮನೆಯಲ್ಲಿ ಮರಾಠಿ ಮಾತಾಡುವ ಮಕ್ಕಳು ಇಪ್ಪತ್ತೈದು ಎಂದರೆ ಐವತ್ತೆರಡು ಬರೆಯುವುದು ನಮ್ಮ ಕಡೆ ದಿನದ ಗೋಳು. ಮರಾಠಿಯ 'ಪಂಚವೀಸ್'ನಲ್ಲಿ ಐದು ಮೊದಲು ಬರುತ್ತದೆ, ಇಪ್ಪತ್ತು ಆಮೇಲೆ. ನಾನು ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆಯುತ್ತಿದ್ದೆ, ಅವರು ಅರ್ಧ ಅಂಕ ಕೊಡುತ್ತಿದ್ದರು. "ಲೆಕ್ಕ ತಪ್ಪಿಲ್ಲರಿ, ದಾರಿ ಬ್ಯಾರೆ ಐತಿ," ಎನ್ನುತ್ತಿದ್ದರು. ಹೀಗಾಗಿ ಮಕ್ಕಳಿಗೆ ಅವರು ದೇವರು, ನಾನು ಎಂಟನೇ ತರಗತಿ.

ಇಷ್ಟೇ ಆಗಿದ್ದರೆ ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದು ಮುಗಿಸಬಹುದಿತ್ತು. ಆದರೆ ಮಂಗಲ ಬಂದಳು.

ಮಂಗಲ ಸದಲಗಾ ಕಡೆಯ ಹುಡುಗಿ. ತಂದೆ ಇರಲಿಲ್ಲ. ತಾಯಿ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಎಲೆ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಎಂಟನೇ ತರಗತಿಯಲ್ಲಿ ಒಂದು ವರ್ಷ ನನ್ನ ಮುಂದೆ ಕೂತಿದ್ದಳು. ಕನ್ನಡದಲ್ಲಿ ಮುತ್ತಿನಂಥ ಅಕ್ಷರ, ಪ್ರಬಂಧ ಬರೆದರೆ ಕನ್ನಡದ ಟೀಚರ್ ನಮಗೆಲ್ಲ ಓದಿ ತೋರಿಸುತ್ತಿದ್ದರು. ಗಣಿತದಲ್ಲಿ ಮೂರಕ್ಕೆ ಎರಡು ಕೂಡಿಸಲೂ ಬೆಂಚಿನ ಕೆಳಗೆ ಬೆರಳು. ಇಷ್ಟು ಚುರುಕಾದವಳಿಗೆ ಇದು ಬರುವುದಿಲ್ಲವೆಂದರೆ ಮೈಗಳ್ಳತನವೇ ಎಂದು ನಾನು ತೀರ್ಮಾನಿಸಿದ್ದೆ. ತೀರ್ಮಾನಿಸುವುದು ಸುಲಭ, ಅರವತ್ತು ಮಕ್ಕಳ ತರಗತಿಯಲ್ಲಿ ಅದಕ್ಕೆ ಅರ್ಧ ನಿಮಿಷ ಸಾಕು.

ಒಂಬತ್ತಕ್ಕೆ ಹೋದ ಮೊದಲ ವಾರವೇ ಸರ್ ಅವಳ ಮುಂದೆ ಬೀಜ ಚೆಲ್ಲಿದರು. ಮೂರೇ ಬೀಜ. ಕರವಸ್ತ್ರ ಮುಚ್ಚಿ ಕೇಳಿದರು. ಹುಡುಗಿ, "ತಾಳ್ರಿ ಸರ್, ಇನ್ನೂ ಎಣಿಸಿದ್ದಿಲ್ಲ," ಎಂದಳು. ಅಂಜಿದ್ದಾಳೆ ಎಂದುಕೊಂಡು ಅವರು ನಕ್ಕರು. ಮತ್ತೆ ಎರಡು ಬೀಜ ಇಟ್ಟರು. ಅದಕ್ಕೂ ಬೆರಳು ಮುಂದೆ ಬಂತು. ಆ ದಿನ ಸ್ಟಾಫ್ ರೂಮಿಗೆ ಬಂದವರು ಚಹಾ ಕುಡಿಯದೆ ಕೂತಿದ್ದರು. ನಾನು ಏನಾಯಿತೆಂದು ಕೇಳಿದೆ. "ಏನಿಲ್ಲರಿ, ಆಕಿಗೂ ಐತಿ, ಅಂಜಿಕ್ಯಾಗ ಮುಚ್ಚಿಕೊಂಡೈತಿ," ಎಂದರು.

ಅವತ್ತಿನಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಶಾಲೆ ಬಿಟ್ಟ ಮೇಲೆ ಅವಳಿಗೆ ದಿನಾ ಒಂದು ತಾಸು. ಬೀಜ, ಬಳೆಚೂರು, ಚುಕ್ಕೆ ಹಾಕಿದ ರಟ್ಟು. ಬೈಯಲಿಲ್ಲ, ಒಮ್ಮೆಯೂ ದನಿ ಏರಿಸಲಿಲ್ಲ. "ನಿನ್ನೊಳಗ ಐತಿ ಮಂಗಲಾ. ಎಲ್ಲಾರಿಗೂ ಇರ್ತೈತಿ. ಸಮಾಧಾನದಿಂದ ನೋಡು," ಎನ್ನುತ್ತಿದ್ದರು. ನಾನು ಬಸ್ಸಿಗೆ ಹೊರಟಾಗ ಕಿಟಕಿಯಿಂದ ಕಾಣುತ್ತಿತ್ತು. ಇಂಥ ಗುರು ಯಾರಿಗೆ ಸಿಗುತ್ತಾರೆ ಎಂದು ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು. ಹುಡುಗಿ ಮಾತ್ರ ಕರಗುತ್ತಾ ಹೋದಳು. ಕನ್ನಡದ ಪ್ರಬಂಧಗಳೂ ಗಿಡ್ಡವಾದವು. ಹತ್ತನೇ ತರಗತಿಯ ಗಣಿತ ಪಾಸಾಗದಿದ್ದರೆ ಅವಳ ಶಾಲೆ ಅಲ್ಲಿಗೆ ಮುಗಿಯುತ್ತದೆ, ತಾಯಿಯ ಪಕ್ಕದಲ್ಲಿ ವಖಾರಿಯಲ್ಲಿ ಕೂರುತ್ತಾಳೆ ಎಂಬುದು ನಮಗೆಲ್ಲ ಗೊತ್ತಿತ್ತು. ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಹತ್ತನೇ ತರಗತಿಯ ದೀಪಾವಳಿ ರಜೆ ಮುಗಿದ ಮೇಲೆ ಒಂದು ದಿನ ಅವಳ ತಾಯಿ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಸೆರಗಿನಿಂದ ತಂಬಾಕಿನ ಘಾಟು ಬರುತ್ತಿತ್ತು. ಸರ್ ಎದ್ದು ಕುರ್ಚಿ ಸರಿಸಿದರು. ಅವಳು ಕೂರಲಿಲ್ಲ.

"ಮಾಸ್ತರ್ರ, ನನ್ನ ಮಗಳಿಗೆ ಒಳಗ ಐತಿ, ಒಳಗ ಐತಿ ಅಂತ ದಿನಾ ಹೇಳ್ತೀರಂತಲ್ರಿ."

"ಹೌದ್ರಿ. ಐತಿ. ಇನ್ನ ಸ್ವಲ್ಪ ದಿನಾ..."

"ಆಕಿ ಮನ್ಯಾಗ ಗೋಡಿಗೆ ಮುಖಾ ಮಾಡಿ ಕುಂದರ್ತಾಳ್ರಿ. ಎಲ್ಲಾರಿಗೂ ಇರ್ತೈತಂತ ಅವ್ವಾ, ನಾನ ಎಲ್ಲೋ ಕಳಕೊಂಡೇನಿ ಅಂತಾಳ. ಊಟಾ ಬಿಟ್ಟಾಳ. ನಿಮಗ ಕೈ ಮುಗೀತೀನ್ರಿ, ಇಲ್ಲ ಅಂದ ಬಿಡ್ರಿ. ನಿನಗ ಇಲ್ಲವ್ವಾ ಅಂತ ನೀವು ಒಮ್ಮೆ ಅಂದ್ರ ಆಕಿ ಊಟಾ ಮಾಡ್ತಾಳ."

ಇಷ್ಟು ಹೇಳಿ ಹೊರಟುಹೋದಳು. ಸರ್ ನಿಂತೇ ಇದ್ದರು. ಮುಂದಿನ ಗಂಟೆ ಹೊಡೆಯಿತು, ಅವರ ತರಗತಿಗೆ ನಾನು ಹೋದೆ. ಮರಳಿ ಬಂದಾಗಲೂ ಅವರು ಅದೇ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು.

ಮರುದಿನ ಮಂಗಲಳನ್ನು ಕರೆಸಿದರು. ನಾನು ಅಲ್ಲೇ ಇದ್ದೆ, ಎದ್ದು ಹೋಗಬೇಕೆಂದರೆ ಬೇಡವೆಂದು ಕೈಸನ್ನೆ ಮಾಡಿದರು.

"ಮಂಗಲಾ, ನಂದ ತಪ್ಪಾತವಾ," ಎಂದರು. "ಎಲ್ಲಾರೂ ತರ್ತಾರಂತ ತಿಳಿದಿದ್ದೆ. ನಿನಗ ಅದು ಬಂದಿಲ್ಲ. ನೀ ಕಳಕೊಂಡಿಲ್ಲ, ಬಂದ ಇಲ್ಲ. ಬರದ ಇದ್ದದ್ದಕ್ಕ ನಿನ್ನ ತಪ್ಪೇನೈತಿ?"

"ಹಂಗಾರ ನಾಳಿಂದ ಸಂಜಿಗೆ ಬರೂದು ಬ್ಯಾಡೇನ್ರಿ ಸರ್?" ಎಂದಳು.

"ಬ್ಯಾಡವಾ. ಮನಿಗೆ ಹೋಗು."

ಅವಳು ಹೋದ ಮೇಲೆ ಸರ್ ಕನ್ನಡಕ ತೆಗೆದು ಮುಖ ಒರೆಸಿಕೊಂಡರು. ಜೀವಮಾನವಿಡೀ ನಂಬಿದ್ದನ್ನು ಹದಿನೈದು ವರ್ಷದ ಹುಡುಗಿಯ ಮುಂದೆ ತಪ್ಪೆಂದು ಒಪ್ಪಿಕೊಂಡ ಗಂಡಸನ್ನು ನಾನು ಆ ಮೊದಲು ನೋಡಿರಲಿಲ್ಲ. ಆಮೇಲೂ ನೋಡಿಲ್ಲ.

ಇಂಥ ಮಕ್ಕಳಿಗೆ ವೈದ್ಯರ ಪ್ರಮಾಣಪತ್ರ ಇದ್ದರೆ ಗಣಿತದ ಬದಲು ಬೇರೆ ವಿಷಯ ಬರೆಯಲು ಅವಕಾಶವಿದೆ ಎಂದು ಅವರೇ ಎಲ್ಲಿಂದಲೋ ತಿಳಿದುಕೊಂಡು ಬಂದರು. ಅರ್ಜಿಯ ಜೊತೆ ಹಿಂದಿನ ತರಗತಿಗಳ ಶಿಕ್ಷಕರ ವರದಿಯೂ ಬೇಕಿತ್ತು. ನನ್ನ ಎಂಟನೇ ತರಗತಿಯ ದಾಖಲೆ ಪುಸ್ತಕ ತೆರೆದು ನನ್ನ ಮುಂದಿಟ್ಟರು. ಮಂಗಲಳ ಹೆಸರಿನ ಮುಂದೆ ನನ್ನ ಅಕ್ಷರ: 'ಆಲಸಿ. ಗಮನವಿಲ್ಲ. ಬೇಕೆಂದೇ ಮಾಡುತ್ತಾಳೆ.' ಬರೆದದ್ದು ನನಗೆ ನೆನಪೂ ಇರಲಿಲ್ಲ.

"ಇದು ಹಿಂಗ ಇದ್ರ ಅವರು ಅರ್ಜಿ ಹೊಳ್ಳಿ ಕಳಸ್ತಾರ್ರಿ. ತಪ್ಪಾಗಿತ್ತಂತ ನಿಮ್ಮ ಕೈಲೆ ಬರದ ಕೊಡ್ರಿ ಮೇಡಂ."

ನಾನು ಮೂರು ದಿನ ಬರೆಯಲಿಲ್ಲ. ಹೆಡ್ಮಾಸ್ತರರು ಓದುತ್ತಾರೆ, ಮೇಲಿನವರು ಓದುತ್ತಾರೆ. ನಾಲ್ಕನೆಯ ದಿನ ಅವರು ಮತ್ತೆ ಕೇಳಿದಾಗ ರೇಗಿದೆ. "ವರ್ಷಗಟ್ಟಲೆ ಕೂಡ್ರಿಸಿಕೊಂಡು ಆಕಿನ್ನ ಹಣ್ಣು ಮಾಡಿದವರು ನೀವು. ನಾ ಒಂದ ಸಾಲು ಬರದದ್ದಷ್ಟ," ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಹಗುರಾಗುತ್ತಿತ್ತು. "ಇಬ್ಬರದೂ ಒಂದ ತಪ್ಪರಿ," ಎಂದರು. "ನೀವು ಆಕಿಗೆ ಮನಸ್ಸಿಲ್ಲ ಅಂದ್ರಿ, ನಾ ಆಕಿಗೆ ಲೆಕ್ಕ ಐತಿ ಅಂದೆ. ನೀವು ಸಿಲೆಬಸ್ ನೋಡಿದ್ರಿ, ನಾ ನನ್ನ ಬೀಜ ನೋಡಿದೆ. ಆಕಿನ್ನ ಇಬ್ಬರೂ ನೋಡಲಿಲ್ಲ."

ಬರೆದುಕೊಟ್ಟೆ.

ಆಮೇಲೆ ಬೆಳಗಾವಿಗೆ ಓಡಾಟ. ಸರ್, ಹುಡುಗಿ, ಕೂಲಿ ಬಿಟ್ಟು ಬಂದ ತಾಯಿ. ಒಂದು ಸಲ ಡಾಕ್ಟರ್ ರಜೆ, ಒಂದು ಸಲ ಸಹಿ ಮಾಡುವವರು ಮೀಟಿಂಗಿಗೆ, ಒಂದು ಸಲ ಫೋಟೋ ಚಿಕ್ಕದು. ಒಬ್ಬ ಗುಮಾಸ್ತ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, "ಕೈಕಾಲ ನೆಟ್ಟಗ ಅದಾವಲ್ರಿ ಮಾಸ್ತರ್, ಈಕಿಗೇನಾಗೇತಿ?" ಎಂದನಂತೆ. ಅವಳ ಕಣ್ಣೆದುರಿಗೇ. ಪರೀಕ್ಷೆ ಮಾಡಿದ ಡಾಕ್ಟರ್ ಮಾತ್ರ ಒಳ್ಳೆಯವರು. ಕೆಲವರಿಗೆ ಬಣ್ಣ ಕಾಣುವುದಿಲ್ಲ, ಕೆಲವರಿಗೆ ಸಂಖ್ಯೆ ಕಾಣುವುದಿಲ್ಲ, ಹುಟ್ಟಿನಿಂದಲೇ ಹಾಗೆ ಎಂದು ಹುಡುಗಿಯನ್ನೇ ಕೂರಿಸಿ ಹೇಳಿದರಂತೆ. ಕಾಗದ ಕೈಗೆ ಬರುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಅವಳು ಗಣಿತದಲ್ಲಿ ಫೇಲಾಗಿ ವಖಾರಿಗೆ ಹೋದಳು. ಸರ್ ಬಿಡಲಿಲ್ಲ. ಮರುವರ್ಷ ಹೊರಗಿನಿಂದ ಪರೀಕ್ಷೆಗೆ ಕಟ್ಟಿಸಿ, ಬೇರೆ ವಿಷಯ ಬರೆಸಿ ಪಾಸು ಮಾಡಿಸಿದರು. ಅದೇ ವರ್ಷ ಅವರು ನಿವೃತ್ತರಾದರು.

ಬೀಜದ ಹುಚ್ಚು ಹೋಗಲಿಲ್ಲ. ಬೀಳ್ಕೊಡುಗೆಯ ದಿನವೂ ಹೊಸದಾಗಿ ಬಂದ ಡ್ರಿಲ್ ಮಾಸ್ತರರ ಮುಂದೆ ಚೆಲ್ಲಿದರು. ಆದರೆ ಮಾತು ಬೇರೆಯಾಗಿತ್ತು. "ನಾಕರ ತನಕಾ ಬಹಳ ಮಂದಿ ತಂದಿರ್ತಾರ್ರಿ," ಎಂದರು. ಎಲ್ಲಾರೂ ಎಂಬ ಮಾತನ್ನು ಅವರ ಬಾಯಲ್ಲಿ ನಾನು ಮತ್ತೆ ಕೇಳಲಿಲ್ಲ.

ಕಳೆದ ಭಾನುವಾರ ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಇತ್ತು. ನನಗೂ ಎರಡು ಮಾತು ಹೇಳಲು ಹೇಳಿದರು. ಆದರ್ಶ ಶಿಕ್ಷಕರು, ತುಂಬಲಾರದ ನಷ್ಟ, ಹೀಗೆ ಏನೇನೋ ಹೇಳಿ ಕೂತೆ. ಕೊನೆಯ ಸಾಲಿನಲ್ಲಿ ಮಂಗಲ ಇದ್ದಳು. ಈಗ ಮೂವತ್ತರ ಹತ್ತಿರ. ಕಾಗವಾಡದ ಕಡೆಯ ಹಳ್ಳಿಯೊಂದರಲ್ಲಿ ಸಣ್ಣ ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. ಸಭೆ ಮುಗಿದ ಮೇಲೆ ನನ್ನ ಚೀಲ ತಾನೇ ಹಿಡಿದು ಬಸ್ ಸ್ಟಾಪಿನವರೆಗೆ ಬಂದಳು. ಸರ್ ಬಗ್ಗೆ ಏನಾದರೂ ಹೇಳುತ್ತಾಳೆ ಎಂದುಕೊಂಡೆ. ಅವಳು ಬೇರೆಯೇ ಕೇಳಿದಳು.

"ಟೀಚರ್, ಈಗ ನಿಮ್ಮ ಎಂಟನೇ ಕ್ಲಾಸಿನ್ಯಾಗ ನನ್ನಂಥಾಕಿ ಯಾರರ ಅದಾಳೇನ್ರಿ?"

"ಇಲ್ಲವಾ," ಎಂದೆ.

ಸುಳ್ಳು. ಇದ್ದಾಳೆ, ಮೂರನೇ ಬೆಂಚಿನಲ್ಲಿ. ಜೂನ್ ತಿಂಗಳಿನಿಂದ ನನಗೆ ಗೊತ್ತಿದೆ. ಸರ್ ನಿವೃತ್ತರಾದ ಮೇಲೆ ಇಂಥವರು ಇನ್ನೂ ಮೂವರು ನನ್ನ ಕೈಗೆ ಬಂದಿದ್ದರು. ಒಬ್ಬನಿಗಾಗಿ ಓಡಾಡಿದೆ, ಒಂದು ವರ್ಷ ಹಿಡಿಯಿತು, ಅರ್ಧ ರಜೆ ಅದರಲ್ಲೇ ಹೋಯಿತು. ಉಳಿದ ಇಬ್ಬರನ್ನು ನೋಡಿಯೂ ನೋಡದವಳಂತೆ ಮುಂದಿನ ತರಗತಿಗೆ ದಾಟಿಸಿದೆ. ತಿಳಿಯದೆ ಮಾಡಿದ್ದಲ್ಲ. ಸುಸ್ತಾಗಿತ್ತು, ಅಷ್ಟೇ. ಅವರಿಬ್ಬರೂ ಈಗ ಎಲ್ಲಿದ್ದಾರೋ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ.

ಚಿಕ್ಕೋಡಿ ಬಸ್ಸು ಬಂತು. ಮಂಗಲ ಚೀಲ ಕೊಟ್ಟಳು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ, ಒಳಗೆ ಅಪರೂಪಕ್ಕೆ ಸೀಟೂ ಖಾಲಿ ಇತ್ತು. ಕಂಡಕ್ಟರ್, "ಹತ್ರಿ ಅಕ್ಕಾರ, ಲಗೂನ," ಎಂದ. ನಾನು ಕೆಳಗಿಳಿದೆ. ಬಸ್ಸು ಹೋಯಿತು.

"ಒಬ್ಬಾಕಿ ಅದಾಳ ಮಂಗಲಾ," ಎಂದೆ.

ಮೊದಲು ಯಾಕೆ ಇಲ್ಲ ಅಂದಿರಿ ಎಂದು ಅವಳು ಕೇಳಲಿಲ್ಲ. ನೇರವಾಗಿ ಅಂದಳು: "ಕಾಗದದ ಓಡಾಟ ನನಗ ಬಿಡ್ರಿ. ಯಾವ ಆಫೀಸಿಗೆ ಯಾವಾಗ ಹೋಗಬೇಕು, ಯಾರ ಮುಂದ ಏನ ಅನಬೇಕು, ಎಲ್ಲಾ ನನಗ ಬಾಯಿಪಾಠ ಐತ್ರಿ. ನೀವು ಒಂದ ಕೆಲಸ ಮಾಡ್ರಿ. ನಾಳೆ ಆಕಿನ್ನ ಕರದು, ತಪ್ಪು ನಿಂದಲ್ಲ ಅಂತ ಹೇಳ್ರಿ. ನನಗ ಆ ಮಾತು ಸಿಗಾಕ ಎರಡ ವರ್ಷ ಹಿಡೀತು."

ಸೋಮವಾರ ಮೊದಲ ಗಂಟೆಯೇ ಎಂಟನೇ ತರಗತಿ. ಉಳಿದವರಿಗೆ ಲೆಕ್ಕ ಕೊಟ್ಟು ಆ ಹುಡುಗಿಯನ್ನು ನನ್ನ ಮೇಜಿನ ಹತ್ತಿರ ಕರೆದೆ. ಬಂದಳು. ನಾನು ಬಾಯಿ ತೆರೆಯುವ ಮೊದಲೇ ಕಣ್ಣು ಬಿಗಿಯಾಗಿ ಮುಚ್ಚಿ, ಏಟು ಬೀಳುತ್ತದೆಂದು ಅಂಗೈ ಮುಂದೆ ಚಾಚಿದಳು. ನನ್ನ ಮೇಜಿಗೆ ಕರೆಸಿಕೊಂಡವರು ಹಾಗೆಯೇ ನಿಲ್ಲುತ್ತಾರೆ, ಇಷ್ಟು ವರ್ಷ ಹಾಗೆಯೇ ನಿಲ್ಲಿಸಿದ್ದೇನೆ.

ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ತಪ್ಪು ನಿಂದಲ್ಲವಾ," ಎಂದೆ.

ಅವಳು ಕಣ್ಣು ತೆರೆಯಲಿಲ್ಲ. ಇನ್ನೊಮ್ಮೆ ಹೇಳಿದೆ.